ಗುಟ್ಟು ಕಾಯುವುದು ತಪ್ಪಲ್ಲ



ಮನೆಯ ಸಾಲವನ್ನೋ, ಮೈಯ ಕಾಯಿಲೆಯನ್ನೋ ಸಂತೆಯಲ್ಲಿ ಸಾರುವವರುಂಟೇ? ಹತ್ತು ಜನ ಮುಟ್ಟುವ ಫೋನಿನಲ್ಲಿ ಹುಡುಕಿದ್ದು ಅಲ್ಲಿಯೇ ಉಳಿಯುತ್ತದೆ, ಮುಂದಿನವರು ಓದಬಲ್ಲರು. ಆದುದರಿಂದ ‘ಇನ್‌ಕಾಗ್ನಿಟೊ’ ತೆರೆದು ಹುಡುಕಿರಿ, ಮುಗಿದೊಡನೆ ಮುಚ್ಚಿರಿ. ಇಳಿಸಿಕೊಂಡ ಕಡತ ಮಾತ್ರ ಉಳಿಯುತ್ತದೆ. ಅದನ್ನು ನೀವೇ ಅಳಿಸಬೇಕು.

ಇಷ್ಟಕ್ಕೇ ಮೈಮರೆಯಬೇಡಿ. ನೀವು ಯಾವ ತಾಣಕ್ಕೆ ಹೋದಿರೆಂಬುದು ಸಂಪರ್ಕ ಕೊಡುವ ಕಂಪನಿಗೆ ಆಗಲೂ ತಿಳಿಯಬಹುದು. ‘ಟಾರ್’ ಬ್ರೌಸರ್ ನಿಮ್ಮ ಕೋರಿಕೆಯನ್ನು 3 ಯಂತ್ರಗಳ ಮೂಲಕ ದಾಟಿಸುತ್ತದೆ. ಮೊದಲನೆಯದಕ್ಕೆ ನೀವು ಗೊತ್ತು, ಕೊನೆಯದಕ್ಕೆ ತಾಣ ಗೊತ್ತು. ಎರಡೂ ಗೊತ್ತಿರುವ ಯಂತ್ರವಿಲ್ಲ. ಆದರೆ ನಿಮ್ಮ ಹೆಸರನ್ನು ನೀವೇ ಬರೆದುಕೊಟ್ಟರೆ ಆ ಮರೆಯೂ ಹೋಯಿತು.

ಇದು ಕಳ್ಳರ ವಿದ್ಯೆಯಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. ನಿಮ್ಮ ಹಕ್ಕನ್ನು ನೀವು ಕಾಯಿರಿ.