ಜಾಲತಾಣದ ಅಚ್ಚುಕೂಟದಲ್ಲಿ ನಮ್ಮ ಮೊದಲ ದಿನಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಹಳೆಯ ಸಂಚಿಕೆಗಳನ್ನು ಜಾಲತಾಣಕ್ಕೆ ಏರಿಸುವ ಕಾರ್ಯವನ್ನು ತಾವು ನಮಗೆ ಒಪ್ಪಿಸಿದಿರಿ. ಈ ವಿದ್ಯೆಯಲ್ಲಿ ನಾವು ಪಂಡಿತರಲ್ಲ. ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು ಮೊದಲ ಬಾರಿಗೆ ಮುಟ್ಟಿದವರು. ಕಂಡುದನ್ನು ಕಂಡಂತೆ ಅರಿಕೆ ಮಾಡಿಕೊಳ್ಳುತ್ತೇವೆ.

2003ರಲ್ಲಿ ಹೊರಬಂದ ಈ ತಂತ್ರಾಂಶಕ್ಕೆ ಬೆಲೆಯಿಲ್ಲ. ಅದನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಇತರರಿಗೆ ಹಂಚಲೂಬಹುದು. ಆದರೆ ತಾಣದ ಹೆಸರಿಗೂ ಅದು ನೆಲೆಸುವ ಗಣಕದ ಎಡೆಗೂ ನಾವು ಹಣ ತೆರಬೇಕಾಯಿತು. ಮನೆಗೆ ಮರ ಪುಕ್ಕಟೆ ದೊರೆತರೂ ನೆಲದ ಗೇಣಿ ತಪ್ಪದೆಂಬುದು ನಾವು ಕಲಿತ ಮೊದಲ ಪಾಠ.

2018ರಿಂದ ಇದರೊಡನೆ ಬರುತ್ತಿರುವ ಬರವಣಿಗೆಯ ಹಲಗೆಗೆ ಅಚ್ಚಿನ ಮೊಳೆಗಳ ಗುಟೆನ್‌ಬರ್ಗನ ಹೆಸರನ್ನೇ ಇಟ್ಟಿದ್ದಾರೆ. ಶೀರ್ಷಿಕೆಯೊಂದು ತುಂಡು, ಕಂಡಿಕೆಯೊಂದು ತುಂಡು, ಚಿತ್ರವೊಂದು ತುಂಡು; ಅವನ್ನು ಬೇಕಾದಂತೆ ಮೇಲಕ್ಕೂ ಕೆಳಕ್ಕೂ ಸರಿಸಬಹುದು. ಮೊಳೆ ಜೋಡಿಸುವುದನ್ನು ಕಂಡಿದ್ದ ನಮ್ಮ ಹಿರಿಯರಿಗೆ ಇದು ತೀರ ಅಪರಿಚಿತವೆನಿಸಲಿಲ್ಲ. 1843ರಲ್ಲಿ ನೆರೆಯ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಬಂದಾಗ ಓದುಗರಿಗೆ ಆಗಿರಬಹುದಾದ ಬೆರಗು, ನಮ್ಮ ಮೊದಲ ಪುಟ ಎದ್ದುನಿಂತಾಗ ನಮಗೂ ಆಯಿತು.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಈಗ ನಮ್ಮೊಡನಿಲ್ಲದ ಹಿರಿಯ ಅಧ್ಯಾಪಕರೊಬ್ಬರು, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ತಾವು ಬಾಲಕರಾಗಿ ಕಂಡುದನ್ನು ಒಂದು ಲೇಖನದಲ್ಲಿ ಬರೆದಿಟ್ಟಿದ್ದರು. ಅದರ ಗಣಕದ ಕಡತವನ್ನು ತೆರೆದು ಪುಟಕ್ಕೆ ಅಂಟಿಸಿದೆವು. ಕನ್ನಡದ ಒಂದಕ್ಷರವೂ ಮೂಡಲಿಲ್ಲ. ಇಂಗ್ಲಿಷ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಚೆಲ್ಲಾಡಿದ್ದವು. ಅಂದಿನ ಅಕ್ಷರಶೈಲಿಗಳು ರೋಮನ್ ಲಿಪಿಯ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಹೊದಿಸಿದ್ದವು. ಹೊದಿಕೆ ಜಾರಿದೊಡನೆ ಒಳಗಿದ್ದುದು ಕಾಣಿಸಿತು. 1991ರ ಯೂನಿಕೋಡ್ ಕನ್ನಡಕ್ಕೆ 128 ಎಡೆಗಳ ಸ್ವಂತ ನೆಲವನ್ನು ಕಾದಿರಿಸಿತು. ಅದರಲ್ಲಿ ಬರೆದುದು ಊರೂರು ದಾಟಿದರೂ ಕನ್ನಡವಾಗಿಯೇ ಉಳಿಯುತ್ತದೆ.

ಪರಿವರ್ತಕವೊಂದರ ಮೂಲಕ ಕಡತವನ್ನು ಹಾಯಿಸಿದೆವು. ಆದರೂ ಒತ್ತಕ್ಷರಗಳು ಕೆಲವೆಡೆ ತಪ್ಪಿದವು. ಆಗ ಕಪಾಟಿನಲ್ಲಿದ್ದ ಅಚ್ಚಿನ ಸಂಚಿಕೆಯನ್ನು ಎದುರಿಗಿಟ್ಟುಕೊಂಡು ಸಾಲುಸಾಲಾಗಿ ತಿದ್ದಿದೆವು. ಗೆದ್ದಲು ತಿಂದಿದ್ದ ಪುಟವನ್ನು ಕಡತ ಉಳಿಸಿಕೊಟ್ಟಿತು. ಕಡತ ಕೆಡಿಸಿದ್ದ ಅಕ್ಷರಗಳನ್ನು ಕಾಗದ ಉಳಿಸಿಕೊಟ್ಟಿತು. ಎರಡರಲ್ಲಿ ಒಂದಿಲ್ಲದಿದ್ದರೂ ಆ ಹಿರಿಯರ ಮಾತು ನಮ್ಮ ಮಕ್ಕಳಿಗೆ ಪೂರ್ಣವಾಗಿ ದೊರೆಯುತ್ತಿರಲಿಲ್ಲ.

ಇನ್ನೊಂದು ಸಣ್ಣ ತೊಡಕು. ನಾವು ಆರಿಸಿದ ಸಿದ್ಧವಿನ್ಯಾಸವು ರೋಮನ್ ಲಿಪಿಯ ಅಳತೆಗೆ ಹೊಲಿದ ಅಂಗಿ. ಅದರಲ್ಲಿ ನಮ್ಮ ಒತ್ತಕ್ಷರಗಳು ಕೆಳಸಾಲಿನ ತಲೆಗೆ ತಾಗುತ್ತಿದ್ದವು. ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ 1.8ರಷ್ಟಕ್ಕೆ ಏರಿಸಿದ ಬಳಿಕ ಪುಟ ಉಸಿರಾಡಿತು. ಗಣಕದಲ್ಲಿ ಚೆಲುವಾಗಿ ಕಂಡ ಮೂರು ಅಂಕಣಗಳು ಕೈದೂರವಾಣಿಯಲ್ಲಿ ಇಕ್ಕಟ್ಟಾದುದರಿಂದ ಅವನ್ನು ಬಿಟ್ಟು ಒಂದೇ ಅಂಕಣಕ್ಕೆ ಬಂದೆವು. ನಮ್ಮ ಮನೆಗಳಲ್ಲಿ ಓದು ನಡೆಯುವುದು ಅದರಲ್ಲಿಯೇ ಅಲ್ಲವೇ?

ತಂತ್ರಾಂಶ ಪುಟವನ್ನು ಕಟ್ಟಿಕೊಡುತ್ತದೆ. ಕರಡನ್ನು ತಿದ್ದಿಕೊಡುವ ಕಣ್ಣು ಮಾತ್ರ ನಮ್ಮದೇ ಆಗಬೇಕು. ಆದುದರಿಂದ ನಮ್ಮ ಬಿನ್ನಹ ಮೂರು. ಮನೆಯಲ್ಲಿರುವ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕಬೇಡಿರಿ. ಹೊಸತಾಗಿ ಬರೆಯುವುದನ್ನು ಯೂನಿಕೋಡಿನಲ್ಲಿಯೇ ಬರೆಯಿರಿ. ಮೇಲ್ತರಗತಿಯ ಮಕ್ಕಳನ್ನು ಶನಿವಾರಗಳಂದು ಕರಡು ತಿದ್ದಲು ನಮ್ಮೊಡನೆ ಕಳುಹಿಸಿರಿ.

ಮೊನ್ನೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಆ ಹಿರಿಯರ ಲೇಖನವನ್ನು ತಾಯಿಯ ದೂರವಾಣಿಯಲ್ಲಿ ಗಟ್ಟಿಯಾಗಿ ಓದಿ, ನಮ್ಮ ಕಣ್ಣು ತಪ್ಪಿದ್ದ ಎರಡು ದೋಷಗಳನ್ನು ತೋರಿಸಿದಳು. ಅಂದೇ ತಿದ್ದಿದೆವು.