ಚತುಃಸೀಮೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ‘ಮನೆ ಕೊಂಡು ನೋಡು’ ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಮನೆಯೆಂಬುದು ಕಟ್ಟುವ ವಸ್ತುವಾಗಿತ್ತೇ ಹೊರತು ಕೊಳ್ಳುವ ವಸ್ತುವಾಗಿರಲಿಲ್ಲವೆಂದು ತೋರುತ್ತದೆ. ಕೊಳ್ಳುವ ಕಾಲ ಬಂದಾಗ, ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಮೂರನೆಯವನೊಬ್ಬನು ಬಂದು ನಿಂತನು. ಅವನಿಗೆ ದಲಾಲನೆಂದು ಹೆಸರು. ಮದುವೆ ಕೂಡಿಸಿದ ಮಧ್ಯಸ್ಥನಿಗೆ ಊಟದ ಪಂಕ್ತಿಯಲ್ಲಿ ಒಂದು ಎಲೆಯಾದರೂ ಇರುತ್ತದೆ. ಮನೆ ಕೊಡಿಸಿದ ಮಧ್ಯಸ್ಥನನ್ನು ಗೃಹಪ್ರವೇಶಕ್ಕೆ ನೆನೆಯುವವರು ಕಡಿಮೆ. ನಾನು ಅಂಥ ಒಬ್ಬ ದಲಾಲ. ಹಳಿಯಾಳದಲ್ಲಿ ನೆಲೆಸಿ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ದಾರಿಗಳಲ್ಲಿ ನಾಲ್ವತ್ತು ವರ್ಷ ತಿರುಗಿದ್ದೇನೆ. ಆ ತಿರುಗಾಟದಲ್ಲಿ ಕಂಡದ್ದನ್ನೂ, ಒಮ್ಮೆ ನಾನೇ ಮಾಡಿದ ಒಂದು ತಪ್ಪನ್ನೂ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಭಾಗ ಅರಣ್ಯ. ಹೊರಗಿನಿಂದ ಬಂದವರು ಇಲ್ಲಿ ಭೂಮಿ ಎಷ್ಟೊಂದು ಬಿದ್ದಿದೆ ಎಂದು ಬೆರಗಾಗುತ್ತಾರೆ. ಕಣ್ಣಿಗೆ ಕಾಣುವ ಭೂಮಿ ಬೇರೆ, ಕೈಗೆ ಬರುವ ಭೂಮಿ ಬೇರೆ. ಕಾಡನ್ನು ಕಳೆದು, ಗದ್ದೆಯನ್ನು ಕಳೆದು, ನೀರನ್ನು ಕಳೆದು ಉಳಿದುದರಲ್ಲಿ ಮನೆ ಕಟ್ಟಲು ಯೋಗ್ಯವಾದ, ಕಾಗದ ಸರಿಯಾಗಿರುವ ನೆಲ ಅಂಗೈಯಷ್ಟು. ನಮ್ಮ ಸೀಮೆಯ ಮನೆಯ ಬೆಲೆಗೆ ಮೂಲಕಾರಣ ಈ ಅಂಗೈಯಷ್ಟರ ಕೊರತೆಯೇ.

ನಾಲ್ಕು ಊರುಗಳಿಗೆ ನಾಲ್ಕು ಸ್ವಭಾವ. ಹಳಿಯಾಳ ಬಯಲಿಗೂ ಮಲೆನಾಡಿಗೂ ನಡುವಣ ಹೊಸ್ತಿಲು. ಭತ್ತ, ಕಬ್ಬು, ಹತ್ತಿ ಬೆಳೆಯುವ ಒಕ್ಕಲಿನ ಊರು. ಇಲ್ಲಿ ಮನೆ ಮಾರುವವನು ಮೂರು ತಲೆಮಾರಿನ ಅಣ್ಣತಮ್ಮಂದಿರನ್ನು ಕೂಡಿಸಿ ಸಹಿ ಹಾಕಿಸಬೇಕು. ಅವರ ಜೊತೆಗೆ ಅಕ್ಕತಂಗಿಯರನ್ನೂ ಕೂಡಿಸಬೇಕೆಂದು 1994ರಲ್ಲಿ ಕರ್ನಾಟಕದ ತಿದ್ದುಪಡಿಯೂ 2005ರಲ್ಲಿ ಕೇಂದ್ರದ ತಿದ್ದುಪಡಿಯೂ ನಮಗೆ ಕಲಿಸಿದುವು. ಹಿಂದೆ ನಾನು ಮಾರುವವರ ಮನೆಗೆ ಹೋದರೆ ‘ಗಂಡುಮಕ್ಕಳು ಎಷ್ಟು?’ ಎಂದು ಕೇಳುತ್ತಿದ್ದೆ. ಈಗ ‘ಮಕ್ಕಳು ಎಷ್ಟು?’ ಎಂದು ಕೇಳುತ್ತೇನೆ. ಒಂದು ಶಬ್ದ ಬಿಟ್ಟುಹೋದುದರಲ್ಲಿ ಎಷ್ಟು ವ್ಯಾಜ್ಯಗಳು ಉಳಿದುವೋ!

ದಾಂಡೇಲಿ ಇನ್ನೊಂದು ಬಗೆ. ಕಾಳಿ ನದಿಯ ದಂಡೆಯ ಕಾಡಿನೊಳಗೆ, 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರಖಾನೆಯ ಸುತ್ತ ಬೆಳೆದ ಊರು ಅದು. ದೇಶದ ನಾನಾ ಕಡೆಯಿಂದ ಬಂದವರು ಅಲ್ಲಿ ಕೆಲಸ ಮಾಡಿದರು, ಕ್ವಾರ್ಟರ್ಸುಗಳಲ್ಲಿ ಸಂಸಾರ ನಡೆಸಿದರು. ಅಲ್ಲಿಯ ಮನೆಯ ಪೇಟೆ ಮಳೆಗಾಲ ಬೇಸಗೆಗಳನ್ನು ಅನುಸರಿಸುವುದಿಲ್ಲ, ನಿವೃತ್ತಿಯ ಪಟ್ಟಿಯನ್ನು ಅನುಸರಿಸುತ್ತದೆ. ಮೂವತ್ತು ವರ್ಷ ಬಾಡಿಗೆಯ ಚಿಂತೆಯಿಲ್ಲದೆ ಬದುಕಿದವನಿಗೆ ಒಂದು ದಿನ ಕ್ವಾರ್ಟರ್ಸು ಬಿಡಬೇಕಾಗುತ್ತದೆ. ಅದೇ ಹೊತ್ತಿಗೆ ಫಂಡಿನ ಹಣವೂ ಗ್ರಾಚ್ಯುಟಿಯೂ ಕೈಗೆ ಬರುತ್ತವೆ. ಜೀವಮಾನದಲ್ಲಿ ಒಮ್ಮೆ ಮಾತ್ರ ದೊಡ್ಡ ಹಣವನ್ನು ಕಾಣುವ ಮನುಷ್ಯ, ಜೀವಮಾನದಲ್ಲಿ ಒಮ್ಮೆ ಮಾತ್ರ ಮಾಡುವ ವ್ಯಾಪಾರಕ್ಕೆ ಹೊರಡುತ್ತಾನೆ. ದಲಾಲನಾದರೋ ಅದನ್ನು ದಿನವೂ ಮಾಡುವವನು. ಈ ಅಸಮಾನತೆಯಲ್ಲಿ ನಮ್ಮ ಕಸುಬಿನ ಲಾಭವೂ ಇದೆ, ಪಾಪವೂ ಇದೆ.

ಜೋಯಿಡಾದ ಕಥೆ ನೀರಿನ ಕಥೆ. ತಾಲೂಕಿನ ಹಳೆಯ ಊರು ಸೂಪಾ. ಕಾಳಿಗೆ ಅಡ್ಡಲಾಗಿ ಗಣೇಶಗುಡಿಯಲ್ಲಿ 101 ಮೀಟರು ಎತ್ತರದ ಅಣೆಕಟ್ಟು ಎದ್ದು 1987ರಲ್ಲಿ ಪೂರ್ಣವಾದಾಗ, ಸೂಪಾ ಪೇಟೆ ನೀರಿನ ಕೆಳಗಿತ್ತು. ಜನ ರಾಮನಗರದ ಕಡೆಗೆ ಹೊರಟರು, ಕಚೇರಿಗಳು ಜೋಯಿಡಾಕ್ಕೆ ಬಂದುವು. ಊರು ಹೋದ ಮೇಲೂ ಹೆಸರು ಬೇಗ ಹೋಗಲಿಲ್ಲ. 2011ರ ಜನಗಣತಿಯಲ್ಲಿಯೂ ತಾಲೂಕಿಗೆ ಸೂಪಾ ಎಂದೇ ಹೆಸರು. ಕಳೆದುಕೊಂಡ ಮನೆಯ ಉತಾರವನ್ನು ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟ ಮುದುಕರನ್ನು ನಾನು ನೋಡಿದ್ದೇನೆ. ಸರ್ವೆ ನಂಬರು ಇದೆ, ಕ್ಷೇತ್ರ ಇದೆ, ಆಕಾರ ಇದೆ. ಭೂಮಿ ಮಾತ್ರ ಇಲ್ಲ. ಅದೇ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಇಂದು ಪಟ್ಟಣದ ತರುಣರು ರಬ್ಬರಿನ ದೋಣಿ ಹಾಕಿ ಕೇಕೆ ಹಾಕುತ್ತಾರೆ. ಅವರ ಹಿಂದೆಯೇ ರಿಸಾರ್ಟು, ಹೋಮ್‌ಸ್ಟೇಗಳಿಗೆ ಜಾಗ ಹುಡುಕುವವರೂ ಬಂದರು. ಒಕ್ಕಲಲ್ಲದವರು ಸಾಗುವಳಿ ಜಮೀನು ಕೊಳ್ಳಬಾರದೆಂಬ ಭೂಸುಧಾರಣಾ ಕಾಯಿದೆಯ ನಿರ್ಬಂಧವನ್ನು 2020ರಲ್ಲಿ ತೆಗೆದಮೇಲೆ ನನ್ನ ಫೋನು ಹೆಚ್ಚು ಸದ್ದು ಮಾಡತೊಡಗಿತು. ‘ನದಿ ಕಾಣುವಂಥದು ಬೇಕು’ ಎನ್ನುತ್ತಾರೆ. ಆ ನದಿಯ ದಂಡೆಯ ಕಾಡಿನಲ್ಲಿ ಹುಲಿ ಸಂರಕ್ಷಿತ ಪ್ರದೇಶವಿದೆಯೆಂದೂ, 2015ರಿಂದ ಅದಕ್ಕೆ ಕಾಳಿಯದೇ ಹೆಸರೆಂದೂ, ಕೆಲವು ನೆಲದ ಮೇಲೆ ಮನುಷ್ಯನಿಗಿಂತ ಮೊದಲಿನ ಹಕ್ಕುದಾರರು ಇದ್ದಾರೆಂದೂ ನಾನು ತಿಳಿಸಿ ಹೇಳಬೇಕಾಗುತ್ತದೆ.

ಯಲ್ಲಾಪುರದ ಆಚೆಗಿರುವ ಮುಂಡಗೋಡದಲ್ಲಿ ನನಗೆ ಆದ ಅನುಭವವೇ ಬೇರೆ. 1966ರಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಸರಕಾರ ಅಲ್ಲಿ ಕಾಡು ಕಡಿದ ನೆಲ ಕೊಟ್ಟಿತು. ಅವರು ಅದರಲ್ಲಿ ಮೆಕ್ಕೆಜೋಳ, ಭತ್ತ ಬೆಳೆದರು, ಮನೆ ಕಟ್ಟಿದರು, ಗಾಂದೆನ್, ಡ್ರೆಪುಂಗ್ ಮಠಗಳನ್ನು ಮತ್ತೆ ಎಬ್ಬಿಸಿದರು. ಆದರೆ ನೆಲ ಸರಕಾರದ್ದು; ಮಾರುವಂತಿಲ್ಲ. ಮಕ್ಕಳು ಮೊಮ್ಮಕ್ಕಳು ಹುಟ್ಟಿ ಬೆಳೆದ ಮನೆಗೆ ಅಲ್ಲಿ ಪೇಟೆಯ ಬೆಲೆಯೆಂಬುದೇ ಇಲ್ಲ. ನಾಲ್ಕು ತಾಲೂಕುಗಳಲ್ಲಿ ಬೆಲೆಯ ಮಾತು ಎತ್ತದೆ ನಾನು ಚಹ ಕುಡಿದು ಎದ್ದುಬಂದ ಮನೆಗಳು ಅವು ಮಾತ್ರ. ಆ ದಿನಗಳಲ್ಲಿ ರಾತ್ರಿ ಸೊಗಸಾಗಿ ನಿದ್ದೆ ಬರುತ್ತಿತ್ತೆಂಬುದನ್ನೂ ಹೇಳಬೇಕು.

ಇನ್ನು ನನ್ನ ತಪ್ಪಿನ ಮಾತು.

1991ನೆಯ ಇಸವಿ. ದಾಂಡೇಲಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನ್ನಲ್ಲಿಗೆ ಬಂದರು. ಹಳಿಯಾಳದ ದಾರಿಯಲ್ಲಿ ಒಬ್ಬ ಜಮೀನುದಾರ ತನ್ನ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಪ್ಲಾಟು ಮಾಡಿ ಮಾರುತ್ತಿದ್ದ. ಹೊಲ ಬಿನ್‌ಶೇತ್ಕಿಯಾಗಿರಲಿಲ್ಲ, ಎಂದರೆ, ಕೃಷಿಯ ನೆಲವನ್ನು ಮನೆಯ ನೆಲವಾಗಿಸುವ ಅಪ್ಪಣೆ ಅದಕ್ಕೆ ಸಿಕ್ಕಿರಲಿಲ್ಲ. ಹಿರಿಯರ ಹೆಸರಿನಲ್ಲಿ ಒಂದು ಗುಂಟೆ ಸಾಗುವಳಿಯೂ ಇರಲಿಲ್ಲವಾದ್ದರಿಂದ ಅಂದಿನ ಕಾಯಿದೆಯಂತೆ ಖರೇದಿ ಪತ್ರ ನೋಂದಣಿಯಾಗುವ ಹಾಗಿರಲಿಲ್ಲ. ಇದು ಜಮೀನುದಾರನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಹಿರಿಯರಿಗೆ ಗೊತ್ತಿರಲಿಲ್ಲ. ‘ಮುಂದೆ ಎಲ್ಲಾ ಆಗತದರೀ’ ಎಂದು ನಾನು ಹೇಳಿದೆ. ಆ ‘ಮುಂದೆ’ ಎಂಬ ಶಬ್ದಕ್ಕಿಂತ ದೊಡ್ಡ ಸುಳ್ಳನ್ನು ನಮ್ಮ ಕಸುಬು ಇನ್ನೂ ಕಂಡುಹಿಡಿದಿಲ್ಲ. ಮೂರು ಗುಂಟೆಗೆ ಮೂವತ್ತು ಸಾವಿರ ರೂಪಾಯಿ. ಛಾಪಾ ಕಾಗದದ ಮೇಲೆ ಒಂದು ಕರಾರು ಬರೆಸಿದೆವು. ನೂರಕ್ಕೆ ಎರಡರಂತೆ ಆರು ನೂರು ರೂಪಾಯಿ ನನ್ನ ಜೇಬಿಗೆ ಬಂತು.

ಎರಡು ವರ್ಷಕ್ಕೆ ಜಮೀನುದಾರ ತೀರಿಕೊಂಡ. ಮಕ್ಕಳು ಕರಾರನ್ನು ಒಪ್ಪಲಿಲ್ಲ. ಇಡೀ ಹೊಲವನ್ನು ಇನ್ನೊಬ್ಬ ಒಕ್ಕಲಿಗನಿಗೆ ನೋಂದಾಯಿಸಿಯೇ ಮಾರಿಬಿಟ್ಟರು. ಮಾರಾಟದ ಕರಾರು ತಾನಾಗಿಯೇ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲವೆಂದು 1882ರ ಸ್ವತ್ತು ವರ್ಗಾವಣೆಯ ಕಾಯಿದೆ ಹೇಳುತ್ತದೆ. ಕೋರ್ಟಿಗೆ ಹೋಗಲು ಹಿರಿಯರಲ್ಲಿ ಹಣವೂ ಇರಲಿಲ್ಲ, ವಯಸ್ಸೂ ಇರಲಿಲ್ಲ.

ಒಂದು ಸಂಜೆ ಅವರು ನಮ್ಮ ಮನೆಗೆ ಬಂದರು. ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ. ಅಂಗಿಯ ಜೇಬಿನಿಂದ ಕರಾರನ್ನು ತೆಗೆದು, ಮಡಿಕೆ ಬಿಡಿಸಿ ನನ್ನ ಮುಂದಿಟ್ಟು, ಚತುಃಸೀಮೆ ಓದಲು ಹೇಳಿದರು. ಓದಿದೆ. ಮೂಡಣಕ್ಕೆ ಅದೇ ಹೊಲದ ಉಳಿದ ಭಾಗ, ಪಡುವಣಕ್ಕೆ ಬಂಡಿದಾರಿ, ತೆಂಕಣಕ್ಕೆ ಹಳ್ಳ, ಬಡಗಣಕ್ಕೆ ಮತ್ತೊಬ್ಬರ ಪ್ಲಾಟು. ಅವರು ಕೇಳಿ ಸುಮ್ಮನಿದ್ದು, ಆಮೇಲೆ ಕೇಳಿದರು: “ಈ ನಾಕು ದಿಕ್ಕಿನ ನಡಕ ನಾ ಎಲ್ಲದೇನಿ, ಸ್ವಲ್ಪ ತೋರಸ್ರಿ ಸಾಹೇಬರ.”

ನನ್ನಲ್ಲಿ ಉತ್ತರವಿರಲಿಲ್ಲ. ಒಳಗೆ ಹೋಗಿ ಆರು ನೂರು ರೂಪಾಯಿ ತಂದು ಕೊಟ್ಟೆ. ಬೇಡವೆನ್ನುತ್ತಾರೆಂದು ಒಳಗೊಳಗೆ ಆಸೆಯಿತ್ತು. ಬೇಡವೆಂದಿದ್ದರೆ ನನಗೆ ದೊಡ್ಡವನಾಗುವ ಅವಕಾಶ ಸಿಗುತ್ತಿತ್ತು. ಅವರು ಎಣಿಸಿ ತೆಗೆದುಕೊಂಡರು. ಒಂದು ಚೀಟಿ ಬೇಡಿ, ‘ದಲಾಲಿಯ ಹಣ ಮರಳಿ ಮುಟ್ಟಿತು’ ಎಂದು ಬರೆದು ಸಹಿ ಮಾಡಿ ಕೊಟ್ಟರು. ಜೀವಮಾನವೆಲ್ಲ ಕಾರಖಾನೆಯ ಲೆಕ್ಕದಲ್ಲಿ ನಡೆದ ಮನುಷ್ಯ. ಕೊಟ್ಟ ಹಣಕ್ಕೆ ಪಾವತಿ ಇರಬೇಕೆಂದು ಅವರಿಗೆ ಗೊತ್ತಿತ್ತು. ಅವರು ಬಾಡಿಗೆಯ ಮನೆಯಲ್ಲಿಯೇ ತೀರಿಕೊಂಡರು. ಆ ಚೀಟಿ ಈಗಲೂ ನನ್ನಲ್ಲಿದೆ.

ಮುಂಗಡ ಹಣಕ್ಕೆ ನಾವು ಸಂಚಕಾರವೆನ್ನುತ್ತೇವೆ. ಅದೇ ಶಬ್ದವನ್ನು ಜನ ‘ಪ್ರಾಣಕ್ಕೆ ಸಂಚಕಾರ’ ಎಂದು ಆಪತ್ತಿಗೂ ಬಳಸುತ್ತಾರೆ. ವ್ಯಾಪಾರದ ಶಬ್ದ ಆಪತ್ತಿನ ಶಬ್ದವಾದದ್ದು ಹೇಗೆಂದು ಪಂಡಿತರು ಹೇಳಬೇಕು. ನನಗೆ ಮಾತ್ರ ಅದು ಆ ಸಂಜೆಯೇ ತಿಳಿಯಿತು.

ಅಂದಿನಿಂದ ನಾನು ಕೆಲವು ನಿಯಮ ಮಾಡಿಕೊಂಡೆ. ಬಿನ್‌ಶೇತ್ಕಿಯ ಆದೇಶವನ್ನೂ ಮಂಜೂರಾದ ನಕಾಶೆಯನ್ನೂ ಕಣ್ಣಾರೆ ಕಾಣದೆ ಪ್ಲಾಟು ತೋರಿಸುವುದಿಲ್ಲ. ಋಣಭಾರದ ಪತ್ರ ತೆಗೆಸುತ್ತೇನೆ. ಆದರೆ ಅದು ನೋಂದಣಿಯಾದುದನ್ನು ಮಾತ್ರ ಹೇಳುತ್ತದೆ, ಬಾಯಿಮಾತಿನ ವಾಟಣಿಯನ್ನೂ ತಂಗಿಯ ಪಾಲನ್ನೂ ಹೇಳುವುದಿಲ್ಲವೆಂದು ಕೊಳ್ಳುವವರಿಗೆ ಎಚ್ಚರಿಸುತ್ತೇನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯಿದೆಯಂತೆ ಅಪ್ಪಣೆಯಿಲ್ಲದೆ ಮಾರುವಂತಿಲ್ಲ; ನಮ್ಮ ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆ; ಆದುದರಿಂದ ಮೂಲ ಮಂಜೂರಿಯ ಕಾಗದ ಕೇಳದೆ ಮುಂದೆ ಹೋಗುವುದಿಲ್ಲ. ಈ ನಿಯಮಗಳಿಂದ ಗಿರಾಕಿಗಳು ಕಡಿಮೆಯಾದರು. ‘ಅವನ ಹತ್ತಿರ ಹೋದರೆ ವ್ಯಾಪಾರ ಮುರಿಯುತ್ತದೆ’ ಎಂದು ಪೇಟೆಯಲ್ಲಿ ಹೆಸರಾಯಿತು. ಮುರಿಯಬೇಕಾದ ವ್ಯಾಪಾರವೇ ಮುರಿಯಿತೆಂದು ನಾನು ಸಮಾಧಾನ ಮಾಡಿಕೊಂಡೆ. ಮನೆಯಾಕೆ ಅಷ್ಟು ಬೇಗ ಮಾಡಿಕೊಳ್ಳಲಿಲ್ಲ.

ಈಗ ಕಾಲ ಸುಧಾರಿಸಿದೆ. ಪಹಣಿ ಕಂಪ್ಯೂಟರಿಗೆ ಏರಿದೆ. 2016ರ ರೇರಾ ಕಾಯಿದೆಯಂತೆ ದೊಡ್ಡ ಬಡಾವಣೆಗಳೂ, ಅವುಗಳ ಪ್ಲಾಟು ಮಾರುವ ದಲಾಲರೂ ನೋಂದಣಿ ಮಾಡಿಸಬೇಕು. ಒಳ್ಳೆಯದೇ. ಆದರೆ 500 ಚದರ ಮೀಟರಿನೊಳಗಿನ ಸಣ್ಣ ತುಂಡುಗಳಿಗೂ ಹಳೆಯ ಮನೆಯ ಮರುಮಾರಾಟಕ್ಕೂ ಆ ಕಾಯಿದೆಯ ಕೈ ಮುಟ್ಟುವುದಿಲ್ಲ. ನಮ್ಮಂಥ ಸಣ್ಣ ಊರುಗಳಲ್ಲಿ ಬಡವನು ಕೊಳ್ಳುವುದು ಅಂಥವನ್ನೇ. ಅಲ್ಲಿ ಇಂದಿಗೂ ಕಾಯಿದೆಯ ಬದಲಿಗೆ ದಲಾಲನ ನಾಲಗೆಯೇ ನಿಂತಿದೆ.

ಆದುದರಿಂದ ಮನೆ ಕೊಳ್ಳಲು ಹೊರಟ ಶ್ರೋತೃಗಳಲ್ಲಿ ನನ್ನದೊಂದು ವಿನಂತಿ. ಕಾಗದವನ್ನು ಓದಿಸಿ ಕೇಳಿದಿರೆಂದು ಸಹಿ ಮಾಡಬೇಡಿ. ಆ ಕಾಗದ ಹಿಡಿದು ನೆಲಕ್ಕೆ ಹೋಗಿ. ಮೂಡಣ, ಪಡುವಣ, ತೆಂಕಣ, ಬಡಗಣ, ನಾಲ್ಕೂ ಎಲ್ಲೆಗಳನ್ನು ಕಾಲಿನಿಂದ ನಡೆದು ನೋಡಿ. ಪಕ್ಕದವರನ್ನು ಕರೆದು, ‘ಇದು ಯಾರದು?’ ಎಂದು ಕೇಳಿ. ನಿಮ್ಮ ದಲಾಲ ಅವಸರ ಮಾಡಿದರೆ ನೀವು ತಡಮಾಡಿ. ನಾನು ಕೊಡಿಸುವ ವ್ಯಾಪಾರದಲ್ಲಿ ಇಂದಿಗೂ ಕೊಳ್ಳುವವರನ್ನು ಆ ನೆಲದ ನಡುವೆ ನಿಲ್ಲಿಸಿ, ಚತುಃಸೀಮೆಯನ್ನು ಗಟ್ಟಿಯಾಗಿ ಓದುತ್ತೇನೆ. ಕೆಲವರು ನಗುತ್ತಾರೆ; ಬಿಸಿಲೆಂದು ಕೆಲವರು ಗೊಣಗುತ್ತಾರೆ. ಓದಿ ಮುಗಿಸಿದ ಮೇಲೆ, ‘ನೀವು ಎಲ್ಲಿದ್ದೀರಿ ಎಂಬುದು ತಿಳಿಯಿತೇ?’ ಎಂದು ಕೇಳುತ್ತೇನೆ. ಅವರು ‘ತಿಳಿಯಿತು’ ಎಂದ ಬಳಿಕವೇ ನಾವು ಕಚೇರಿಯ ದಾರಿ ಹಿಡಿಯುವುದು.