ಕರೆದರೆ ಮಗು ತಿರುಗುತ್ತಾ?



ಕೆಂಗೇರಿಯಿಂದ, ವಿಜಯನಗರದಿಂದ ಬಂದ ತಾಯಂದಿರು ಇಲ್ಲಿದ್ದೀರಿ. ಇವತ್ತು ನಾವು ಪುಟ್ಟ ಮಕ್ಕಳ ವಿಷಯ ಮಾತಾಡೋಣ.

ಒಂದು ವರ್ಷದ ಮಗುವನ್ನು ಹೆಸರು ಹಿಡಿದು ಕರೆಯಿರಿ. ತಿರುಗಿ ನೋಡುತ್ತಾ? ಮುಖ ನೋಡಿ ನಗುತ್ತಾ? ಒಂದೂವರೆ ವರ್ಷಕ್ಕೆ "ಅಗೋ ಬಸ್ಸು" ಎನ್ನುವಂತೆ ಬೆರಳು ಮಾಡಿ ತೋರಿಸುತ್ತಾ? ಎರಡು ವರ್ಷಕ್ಕೆ "ಅಮ್ಮ ಬಾ" ಅನ್ನುತ್ತಾ?

ಇಲ್ಲ ಅಂದರೆ ಗಮನ ಕೊಡಬೇಕು. ಆಡುತ್ತಿದ್ದ ಮಾತು ನಿಂತುಹೋದರೂ ಗಮನ ಕೊಡಬೇಕು.

ಕಿವಿ ಕೇಳಿಸದಿದ್ದರೂ ಮಗು ತಿರುಗುವುದಿಲ್ಲ. ಆದ್ದರಿಂದ ಕಿವಿ ಪರೀಕ್ಷೆ ಮಾಡಿಸಬೇಕು. ಆಟಿಸಂ ಕೂಡ ಇರಬಹುದು. ಆಟಿಸಂ ಅಂದರೆ ಮಗುವಿನ ಮಿದುಳು ಬೇರೆ ರೀತಿ ಬೆಳೆಯುವುದು. ಅದು ಅಂಟುರೋಗವಲ್ಲ. ದೃಷ್ಟಿ ತಾಗಿದ್ದಲ್ಲ. ಲಸಿಕೆಯಿಂದ ಬಂದದ್ದಲ್ಲ. ತಾಯಿಯ ತಪ್ಪೂ ಅಲ್ಲ.

"ಇವನ ಅಪ್ಪನೂ ತಡವಾಗಿ ಮಾತಾಡಿದ, ಸುಮ್ಮನಿರು" ಅಂತ ಅತ್ತೆ ಹೇಳಬಹುದು. ಆದರೆ ಕಾಯುತ್ತಾ ಕೂರಬಾರದು. ಬೇಗ ತೋರಿಸಿದರೆ ಮಾತು, ಆಟ, ಊಟ ಕಲಿಸಲು ಅನುಕೂಲ.

ಮೊದಲು ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಈ ಮಕ್ಕಳನ್ನು ನೋಡುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ನೋಡುತ್ತಾರೆ. ಕೆಂಗೇರಿಯಿಂದ ಮೈಸೂರಿಗೆ ರೈಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಕೂಡ ಸೇರಿದೆ. ಶಾಲೆ ಕಲಿಯುವ ಹಕ್ಕು ಈ ಮಕ್ಕಳಿಗೂ ಇದೆ.

ಈಗ ನಾವು ಅಕ್ಷರ ಕಲಿತಿದ್ದೇವೆ. ಮಗು ಯಾವಾಗ ನಕ್ಕಿತು, ಯಾವಾಗ ಬೆರಳು ತೋರಿಸಿತು, ಯಾವಾಗ ಮಾತಾಡಿತು? ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆಯೋಣ. ಡಾಕ್ಟರು ಮೊದಲು ಕೇಳುವುದು ಅದನ್ನೇ. ನಮ್ಮ ಕೈಬರಹ ನಮ್ಮ ಮಗುವಿಗೆ ಆಸರೆಯಾಗಲಿ.